ನೌಕರಿ ಇಲ್ಲದ ಒಂದು ದಿನ

ನಾನು ಶಮೀಮಾಬಿ ತಂದೆ ಇಮಾಮಸಾಬ ನದಾಫ, ವಯಸ್ಸು 29, ಉದ್ಯೋಗ ಸರ್ಕಾರಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ, ಸಾಕಿನ್ ನವಲಗುಂದ. ದಿನಾಂಕ 22-11-1986ರಂದು ಮಧ್ಯಾಹ್ನ 1-10ಕ್ಕೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಯಿಸಿಕೊಡುವುದೇನೆಂದರೆ:

ನಾನು ಐದು ವರ್ಷದಿಂದ ಈ ಕಾಲೇಜಿನಲ್ಲಿದ್ದೇನೆ. ನನ್ನಂಥವರಿಗೆ ತೊಂಬತ್ತು ದಿನಕ್ಕೊಂದು ನೇಮಕದ ಆದೇಶ. ಅದು ಮುಗಿದ ಮೇಲೆ ಒಂದು ದಿನ ಬ್ರೇಕ್, ಮರುದಿನ ಹೊಸ ಆದೇಶ. ಎಡೆಬಿಡದೆ ದುಡಿದಿದ್ದೇವೆಂದು ನಾವು ಖಾಯಂ ನೌಕರಿ ಕೇಳಬಾರದು, ಅದಕ್ಕೆ ಈ ಏರ್ಪಾಡು. ಬ್ರೇಕಿನ ದಿನ ಕಾಲೇಜಿನ ಯಾವ ಪುಸ್ತಕದಲ್ಲೂ ನಾವು ಸಹಿ ಮಾಡುವಂತಿಲ್ಲ. ಪಾಠಕ್ಕೆ ಮಾತ್ರ ಬ್ರೇಕ್ ಇಲ್ಲ. ಬರದಿದ್ದರೆ ಹೊಸ ಆದೇಶ ತಡವಾದೀತೆಂಬ ಅಂಜಿಕೆಯಿಂದ ಪ್ರತಿ ಸಲವೂ ಬಂದಿದ್ದೇನೆ.

ದಿನಾಂಕ 17ರಂದು ಸಂಜೆ 5ಕ್ಕೆ ಪ್ರಿನ್ಸಿಪಾಲರು ಕರೆದು, ನಾಳೆ ನಿಮ್ಮ ಬ್ರೇಕ್ ಐತಿ, ಆದ್ರ ಹುಡುಗ್ಯಾರ ಪ್ರ್ಯಾಕ್ಟಿಕಲ್ ಹಿಂದ ಬಿದ್ದಾವು, ಬಂದು ಮುಗಿಸಿಬಿಡ್ರಿ ಅಂತ ಹೇಳಿದರು. ನಾನು ಹೂಂನ್ರಿ ಅಂದೆ.

18ರಂದು ಮುಂಜಾನೆ 10-40ಕ್ಕೆ ಪ್ರಯೋಗಶಾಲೆಗೆ ಹೋದೆ. ಕಪಾಟಿನ ಕೀಲಿ ಅಟೆಂಡರ್ ಉಡಚಪ್ಪನವರ ಹತ್ತಿರ ಇರುತ್ತದೆ. ಅವರಿಗೆ 56 ವಯಸ್ಸು. ಆಸಿಡ್ ಹೊರತೆಗೆಯಲು ಪುಸ್ತಕದಲ್ಲಿ ಉಪನ್ಯಾಸಕರ ಸಹಿ ಬೇಕು. ನಾನು ಪೆನ್ನು ತೆಗೆದೆ. ಉಡಚಪ್ಪನವರು ಪುಸ್ತಕ ತಮ್ಮ ಕಡೆ ಎಳೆದುಕೊಂಡು, ಇವತ್ತ ನೀವು ಸಹಿ ಮಾಡೂ ಹಂಗಿಲ್ರಿ ಬಾಯಾರ, ನಾನ ಮಾಡ್ತೇನಿ ಅಂತ ತಾವೇ ಸಹಿ ಹಾಕಿ ಬಾಟಲಿ ಕೊಟ್ಟರು.

11 ಗಂಟೆಗೆ ಹನ್ನೊಂದು ಹುಡುಗಿಯರಿಗೆ, ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು ಎಂದು ಎರಡು ಸಲ ಹೇಳಿದೆ. ಮೊರಬದ ಮಲ್ಲಕ್ಕ ಎಂಬ ವಿದ್ಯಾರ್ಥಿನಿ ಬಸ್ ತಡವಾಗಿ 11-25ಕ್ಕೆ ಬಂದಳು. ಅವಳಿಗೆ ಮತ್ತೆ ಹೇಳಲಿಲ್ಲ, ಬಾಜೂದವರನ್ನು ನೋಡಿ ಮಾಡು ಅಂದೆ. ಇದು ನನ್ನ ತಪ್ಪು. 11-50ಕ್ಕೆ ನಾನು ಅವಳಿಂದ ಹನ್ನೆರಡು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ. ಯವ್ವಾ ಎಂದು ಕೂಗಿದ್ದು ಕೇಳಿಸಿತು. ಅವಳು ಆಸಿಡ್‌ಗೆ ನೀರು ಹಾಕಿದ್ದಳು. ಅದು ಸಿಡಿದು ಎಡಗಣ್ಣು, ಕೆನ್ನೆ ಸುಟ್ಟಿತ್ತು. ನಾನು ಅವಳ ತಲೆ ಹಿಡಿದುಕೊಂಡೆ, ಉಡಚಪ್ಪನವರು ಹದಿನೈದು ನಿಮಿಷ ನೀರು ಹಾಕಿದರು. ನನ್ನ ಎಡಗೈಯ ಮೂರು ಬೆರಳು ಸುಟ್ಟಿವೆ, ಇದನ್ನು ಬರೆದುಕೊಳ್ಳುತ್ತಿರುವ ಜಮಾದಾರರು ನೋಡಿದ್ದಾರೆ. ಜೀಪಿನಲ್ಲಿ 1-40ಕ್ಕೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಮುಟ್ಟಿದೆವು.

3-15ಕ್ಕೆ ಪ್ರಿನ್ಸಿಪಾಲರು ಅಲ್ಲಿಗೆ ಬಂದು ನನ್ನನ್ನು ಬದಿಗೆ ಕರೆದು, ನೀವು ಇವತ್ತ ಕಾಲೇಜಿಗೆ ಬಂದೇ ಇಲ್ಲ, ತಿಳೀತೇನ್ರಿ? ನಾಳಿನ ಆರ್ಡರ್ ನನ್ನ ಟೇಬಲ್ ಮ್ಯಾಲೆ ಐತಿ ಅಂದರು. ತಾಯಿ ಖಾಸಿಂಬಿ, ಇಬ್ಬರು ತಂಗಿಯರು ನನ್ನ ಪಗಾರದ ಮೇಲಿದ್ದಾರೆ. 19ರಂದು ಆದೇಶ ತೆಗೆದುಕೊಂಡು ಸಹಿ ಮಾಡಿದೆ. ಥೂ ನನ್ನ ಬಾಳೇ ಅನ್ನಿಸಿತು. ಆದೇಶ ತೆಗೆದುಕೊಂಡದ್ದನ್ನು ಬರೆಯುವುದು ಬೇಡ ಎಂದು ಜಮಾದಾರರು ಹೇಳಿದರು, ಬರೆಯಿರಿ ಎಂದು ನಾನೇ ಹಟ ಹಿಡಿದಿದ್ದೇನೆ.

20ರಂದು ಉಡಚಪ್ಪನವರನ್ನು ಠಾಣೆಗೆ ಕರೆತಂದರು. ಪುಸ್ತಕದಲ್ಲಿ ಅವರದೇ ಸಹಿ ಇದೆ, ಯಾರನ್ನೂ ಕೇಳದೆ ಹುಡುಗಿಯರ ಕೈಗೆ ಆಸಿಡ್ ಕೊಟ್ಟರು ಎಂಬುದು ಅವರ ಮೇಲಿನ ದೂರು. ನಾನು ಬಂದಿರಲಿಲ್ಲ ಎಂದು ಅವರೂ ಹೇಳಿಕೆ ಕೊಟ್ಟರು. ಸಂಜೆ ಅವರನ್ನು ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಯಾಕೆ ಸುಳ್ಳು ಹೇಳಿದಿರೆಂದು ಕೇಳಿದೆ. ನಂದು ಖಾಯಂ ನೌಕರಿರಿ, ಸಸ್ಪೆಂಡ್ ಆದ್ರೂ ಅರ್ಧಾ ಪಗಾರ ಬರತೈತಿ. ನಿಮ್ಮನ್ನ ತಗದ್ರ ತಗದಂಗ. ಸುಮ್ಮನಿರ್ರಿ ಬಾಯಾರ ಅಂದರು. ಅವರ ಹೆಂಡತಿ ಸಾವಂತ್ರೆವ್ವ ನನ್ನ ಮುಖ ನೋಡಲಿಲ್ಲ. ಜೇಲು ಆದರೆ ಅರ್ಧ ಪಗಾರವೂ ಇಲ್ಲ, ಪಿಂಚಣಿಯೂ ಇಲ್ಲ ಎಂಬುದು ಆಕೆಗೆ ಗೊತ್ತಿತ್ತು. ಮಾರನೇ ದಿನ ನಾನು ಎಂದಿನಂತೆ ನಾಲ್ಕು ಪಾಠ ಮಾಡಿದೆ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಪೊಲೀಸರೇ ಬಂದರೆಂದು ತಿರುಗಿ ನೋಡುತ್ತಿದ್ದೆ.

ಇಂದು ಮುಂಜಾನೆ 9-30ಕ್ಕೆ ಆಸ್ಪತ್ರೆಗೆ ಹೋದೆ. ಸುಟ್ಟದ್ದು ಎಡಗಣ್ಣಾದರೂ ಮಲ್ಲಕ್ಕನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಅವಳ ತಾಯಿ ಗುರವ್ವ, ಅಲ್ಲಿ ಯಾವ ಮೇಡಂನೂ ಇರಲಿಲ್ಲಂತ, ನೋವಿನಾಗ ಹುಡುಗಿ ಏನೇನೋ ಬಡಬಡಿಸಾಕತ್ತಾಳ ಅಂತ ಪ್ರಿನ್ಸಿಪಾಲ್ ಸಾಹೇಬ್ರು ಹೇಳಿ ಹೋದ್ರು ಅಂದರು. ನನ್ನ ದನಿ ಕೇಳಿ ಮಲ್ಲಕ್ಕ ಕೈ ಚಾಚಿ, ಮೇಡಂ, ನನ್ನ ತಲಿ ನೀವ ಹಿಡಕೊಂಡಿದ್ರಿ ಹೌದಲ್ರಿ? ನಂಗ ಬುದ್ಧಿ ಕೆಟ್ಟಿಲ್ಲಲ್ರಿ? ಅಂತ ಕೇಳಿದಳು. ಇಲ್ಲವ್ವಾ, ನಾನ ಇದ್ದೆ ಅಂದೆ.

11-15ರ ಬಸ್ ಹತ್ತಿ ಬಂದು, ನಿಲ್ದಾಣದಿಂದ ನೇರ ಇಲ್ಲಿಗೆ ಬಂದಿದ್ದೇನೆ. ಮನೆ ದಾರಿಯಲ್ಲೇ ಇದ್ದರೂ ಒಳಗೆ ಹೋಗಲಿಲ್ಲ. ಹೋಗಿ ತಾಯಿಯ ಮುಖ ನೋಡಿದರೆ ಮನಸ್ಸು ಬದಲಾದೀತೆಂದು ಅಂಜಿದೆ.

ಬರೆದದ್ದನ್ನು ಓದಿ ಹೇಳಿದ್ದು ಕೇಳಿದೆ, ನಾನು ಹೇಳಿದಂತೆಯೇ ಇದೆ, ಎಲ್ಲ ಖರೆ. ಆಸಿಡ್ ತೆಗೆಸಿದವಳು ನಾನು. 18ರಂದು ನಾನು ಅಲ್ಲಿದ್ದೆ.

ಸ್ಥಳ: ನವಲಗುಂದ
ದಿನಾಂಕ: 22-11-1986
ಸಹಿ: ಶಮೀಮಾಬಿ ಇ. ನದಾಫ