ನೂರಾ ಹತ್ತೊಂಬತ್ತು ಸರಿ, ಒಂದು ತಪ್ಪು

…ಅಲ್ಲ ಮೇಡಂ, ನಗಬೇಡಿ! ಬ್ರೇಕ್ ಹೋದ ಲಾರಿಯನ್ನು ನಾನು ಬರೀ ಬೈದೇ ನಿಲ್ಲಿಸಿದ್ದು. ಅದರಪ್ಪನ ತನಕ ಬೈದೆ, ನಾಚಿಕೊಂಡು ನಿಂತೇಬಿಟ್ಟಿತು! ಆಯ್ತು ಬಿಡಿ, ನೀವು ಬಂದಿದ್ದು ಲಾರಿ ವಿಚಾರಕ್ಕಲ್ಲ. ಸರ್ಕಾರದ ಈ 'ಮನೆ ಓದು' ಯೋಜನೆ ಫಲ ಕೊಟ್ಟಿತೋ ಇಲ್ಲವೋ ಅಂತ ನೋಡೋಕೆ. ಕೊಟ್ಟಿದೆ, ಬರ್ಕೊಳ್ಳಿ! ಬೇರೆ ಮನೆಗೆ ಯಾಕೆ ಸುಮ್ಮನೆ ಚಪ್ಪಲಿ ಸವೆಸ್ತೀರಿ?

ನಿಯಮ ಏನು? ದಿನಾ ಸಂಜೆ ಮಗು ಒಂದು ಪಾಠ ಓದಬೇಕು, ಮನೆಯ ಹಿರಿಯರು ಕೇಳಿ ಹಾಳೆ ಮೇಲೆ ಗುರುತು ಹಾಕಬೇಕು. ಚೆನ್ನಾಗಿ ಓದಿದರೆ ಸರಿ, ಇಲ್ಲದಿದ್ದರೆ ತಪ್ಪು. ತಪ್ಪು ಜಾಸ್ತಿ ಬಿದ್ದ ಮಕ್ಕಳಿಗೆ ಬೇರೆ ಟೀಚರ್ ಬಂದು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ನನ್ನ ಮೊಮ್ಮಗಳಿಗೆ ಅದೆಲ್ಲ ಯಾಕೆ? ನಾಲ್ಕು ತಿಂಗಳಲ್ಲಿ ನೂರಾ ಹತ್ತೊಂಬತ್ತು ಸರಿ! ಸರಿ ಹಾಕಿ ಹಾಕಿ ನನ್ನ ಕೈಯೇ ಬಿದ್ದುಹೋಯಿತು!

ಏನಂದ್ರಿ? ಏನು ಓದ್ತಿದ್ದಳು ಅಂತಲಾ? ಅಯ್ಯೋ, ಕೇಳಬೇಕಿತ್ತು ನೀವು! ಆನೆ ರೈಲು ಹತ್ತುತ್ತೆ, ಟಿಕೆಟ್ ಕೇಳಿದವನನ್ನು ಸೊಂಡಿಲಲ್ಲಿ ಎತ್ತಿ ಮುಂದಿನ ಸ್ಟೇಷನ್ನಿಗೆ ಎಸೆಯುತ್ತೆ… ಆ ಪುಸ್ತಕ ಬರೆದವನು ಯಾರೋ, ನನಗೇ ಗುರು!

ಆ ಒಂದು ತಪ್ಪಾ? ಸರಿಯಾಗಿ ಅಲ್ಲೇ ಬೆರಳಿಟ್ಟಿರಲ್ಲ! ಅದು ಮೊದಲನೇ ದಿನ. ಒಂದೊಂದೇ ಅಕ್ಷರ ಮುಟ್ಟಿಕೊಂಡು, 'ಕ…ಪ್ಪೆ… ಕ…ಲ್ಲಿ…ನ ಮೇ…ಲೆ ಕೂ…ತಿ…ತು' ಅಂತ ಎಳೆದಳು. ಆಮೇಲೆ ಏನಾಯ್ತು ಅಂದೆ. 'ಅಷ್ಟೇ ತಾತ, ಕೂತಿತು' ಅಂದಳು. ಕಪ್ಪೆ ಕೂತರೆ ಅದೊಂದು ಕಥೆಯಾ! ಇದೂ ಒಂದು ಓದಾ ಅಂತ ಇಷ್ಟು ದಪ್ಪ ತಪ್ಪು ಎಳೆದೆ. ಮುಖ ಸಣ್ಣಗೆ ಮಾಡಿಕೊಂಡಳು. ಮಾರನೇ ದಿನದಿಂದ ನೋಡಿ… ಬೆರಳೂ ಇಲ್ಲ ಗಿರಳೂ ಇಲ್ಲ, ಪುಟ ತಿರುವಿದ್ದೇ ತಿರುವಿದ್ದು, ನೀರು ಹರಿದ ಹಾಗೆ…

ಯಾಕೆ, ನಗು ನಿಂತುಹೋಯಿತು? ಪುಸ್ತಕ ಯಾಕೆ ನನ್ನ ಕಡೆ ತಿರುಗಿಸ್ತೀರಿ? ಕನ್ನಡಕ ಒಳಗಿದೆ ತಾಯಿ… ಹೂಂ. ಮೂಗಿನ ಮೇಲೇ ಇದೆ.

ಆನೆ ಎಷ್ಟನೇ ಪುಟದಲ್ಲಿದೆ?… ಇಲ್ಲವಾ? ರೈಲಾದರೂ?

ಅದೂ ಇಲ್ಲ…

ಸರಿ. ಮೂವತ್ತು ವರ್ಷ ಲಾರಿಯಲ್ಲಿ ಸುತ್ತಿದೆ, ಒಂದು ಮೈಲಿಗಲ್ಲೂ ಓದಲಿಲ್ಲ. ಕ್ಲೀನರ್‌ನ ಕೇಳಿ ಕೇಳಿ ಊರು ಮುಟ್ಟಿದೆ. ಈ ಮಗುವಿನ ಪಕ್ಕ ಮಾತ್ರ ಮಹಾ ಪಂಡಿತನ ಹಾಗೆ ಕೂತುಬಿಟ್ಟೆ. ಅವಳು ಓದಿದ್ದು ಒಂದೇ ದಿನ… ಅದಕ್ಕೆ ತಪ್ಪು ಹಾಕಿದೆ. ನನ್ನನ್ನು ಮೆಚ್ಚಿಸೋಕೆ ಕಟ್ಟಿ ಹೇಳಿದ್ದಕ್ಕೆಲ್ಲ ಸರಿ ಹಾಕಿದೆ.

ಆ ಟೀಚರನ್ನು ಇವಳಿಗೂ ಕಳಿಸ್ತೀರಾ? ನನ್ನ ಹಾಳೆ ಅಡ್ಡ ಬರುತ್ತೆ ಅಂದರೆ ಅದರ ಮೇಲೇ ಬರೀರಿ, ಗುರುತು ಹಾಕಿದ ತಾತನಿಗೆ ಒಂದಕ್ಷರವೂ ಬರುವುದಿಲ್ಲ ಅಂತ. ದೊಡ್ಡದಾಗಿ ಬರೀರಿ ತಾಯಿ. ನಾನು ಯಾವುದನ್ನೂ ಚಿಕ್ಕದಾಗಿ ಹೇಳಿದವನಲ್ಲ.