ಹದಿನಾಲ್ಕನೆಯ ಕೊಳವೆ

ವೇದಿಕೆಯ ಮೇಲಿರುವ ದೊಡ್ಡವರೇ, ಪ್ರಯೋಗಾಲಯದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನಮ್ಮ ಗಿಣಿಯ ಗಂಡ, ಮಗಳು — ಎಲ್ಲರಿಗೂ ಈ ಮುದುಕಿಯ ನಮಸ್ಕಾರ. ಹೋದವಳ ನೆನಪಿಗೆ ಎರಡು ಮಾತು ಆಡಿ ಎಂದರು. ಸಿಹಿ ಮಾತೇ ಆಡಿ ಎಂದು ಯಾರೂ ಹೇಳಲಿಲ್ಲ.

ಗಿಣಿ ಎಂದು ಹೆಸರಿಟ್ಟವಳು ನಾನೇ. ಹನ್ನೊಂದು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತು ಇಲ್ಲಿಯ ಗಾಜಿನ ಸಾಮಾನು ತೊಳೆದೆವು, ಅವಳು ಮತ್ತು ನಾನು. ಅವಳ ಬಾಯಿಗೆ ಬಿಡುವೇ ಇರಲಿಲ್ಲ. "ಅಜ್ಜಿ, ನೀವು ಸತ್ರೆ ಆ ಉದ್ದದ ಬ್ರಷ್ ನಂಗೇ ಬರ್ಬೇಕು" ಎನ್ನುತ್ತಿದ್ದಳು. — ನೋಡಿ, ಬ್ರಷ್ ಇನ್ನೂ ನನ್ನ ಹತ್ತಿರವೇ ಇದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇಲ್ಲಿ ಏನು ಹುಡುಕುತ್ತಾರೆಂದು ಗೊತ್ತು. ಈ ಪ್ರಯೋಗಾಲಯ ನಡೆಸುವ ಸರ್ ಅವರೇ ಹೇಳಿದ್ದರು: ಜೀವಕೋಶದೊಳಗೆ ಕೈನೇಸ್ ಎಂಬ ಪ್ರೋಟೀನುಗಳಿವೆ. ರೋಗಾಣು ಬಂದಾಗ ಅವು ಒಂದನ್ನೊಂದು ತಟ್ಟಿ ಎಬ್ಬಿಸುತ್ತವೆ, ಮೈಯ ಕಾವಲುಗಾರರು ಹೊಡೆದಾಟಕ್ಕೆ ಏಳುತ್ತಾರೆ. ಕೆಲಸ ಮುಗಿದ ಮೇಲೆ ಸುಮ್ಮನಾಗಬೇಕು. ಕೆಲವರಲ್ಲಿ ಸುಮ್ಮನಾಗುವುದೇ ಇಲ್ಲ — ಆಗ ಕಾವಲುಗಾರರು ಮನೆಯವರನ್ನೇ ಬಡಿಯುತ್ತಾರೆ. ಕೀಲು, ಚರ್ಮ, ಮೂತ್ರಪಿಂಡ.

ರೋಗಿಗಳ ರಕ್ತದ ಜೊತೆ ಹೋಲಿಸಲು ಗಟ್ಟಿಮುಟ್ಟಾದವರ ರಕ್ತ ಬೇಕಿತ್ತು. ಯಾರು ಸಿಕ್ಕರು? ನಾವು. "ದಿನವೆಲ್ಲ ನಿಂತು ದುಡೀತೀರಿ, ನಿಮಗೇನು ರೋಗ?" ಎಂದು ನಕ್ಕರು. ರಕ್ತ ತುಂಬಿದ ಗಾಜಿನ ಕೊಳವೆಗೆ ಹೆಸರಿಲ್ಲ, ಬರೀ ಅಂಕಿ. ನನ್ನದು ಹದಿಮೂರು, ಗಿಣಿಯದು ಹದಿನಾಲ್ಕು.

ಮರುವಾರ ಸರ್ ಕೆಂಡವಾಗಿ ಬಂದರು. "ಹದಿನಾಲ್ಕು ಕೆಟ್ಟೋಗಿದೆ! ಆರೋಗ್ಯವಂತರ ರಕ್ತದಲ್ಲಿ ಕೈನೇಸ್ ಹೀಗೆ ಕುಣಿಯುತ್ತಾ? ಕೊಳವೇಲಿ ಸೋಪು ಬಿಟ್ಟಿದೀರಿ!"

ಗಿಣಿ ಊದಿದ ಬೆರಳುಗಳನ್ನು ಏಪ್ರನ್ ಕೆಳಗೆ ಮುಚ್ಚಿಕೊಂಡಳು — ಹೀಗೆ. "ಕೈಲಿ ಶಕ್ತೀನೇ ಇಲ್ಲ ಅಜ್ಜಿ, ಸರಿಯಾಗಿ ಉಜ್ಜಿಲ್ವೇನೋ" ಎಂದಳು. ನಾನೇನು ಕಡಿಮೆಯೇ? "ಬಾಯಿ ನಡೆಯೋ ಹಾಗೆ ಕೈಯೂ ನಡೀಲಿ" ಎಂದು ಗದರಿದೆ. ಎಲ್ಲ ಕೊಳವೆಗಳನ್ನೂ ಮೂರು ಮೂರು ಸಲ ತೊಳೆದೆವು. ಆ ಬೆರಳುಗಳಿಂದ.

ಸೋಪಲ್ಲ ಸ್ವಾಮಿ, ರೋಗ! ನೀವು ಹಗಲೂ ರಾತ್ರಿ ಹುಡುಕುವ ಅದೇ ರೋಗ. ಈ ಹದಿನಾಲ್ಕು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹೆಸರಿನ ಪಟ್ಟಿ ಕಪಾಟಿನಲ್ಲಿತ್ತು, ಬೀಗದಕೈ ಸರ್ ಜೇಬಿನಲ್ಲಿತ್ತು.

ವರ್ಷದ ಮೇಲೆ ಗಿಣಿಯ ಮೂತ್ರಪಿಂಡ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು "ಮೊದ್ಲೇ ಯಾಕೆ ಬರ್ಲಿಲ್ಲಮ್ಮ?" ಎಂದು ಕೇಳಿದರು. "ನನ್ ರಕ್ತ ಗಟ್ಟಿಮುಟ್ಟಾದವ್ರ ಸಾಲಲ್ಲಿದೆ ಡಾಕ್ಟ್ರೇ" ಎಂದಳು. ಹೆಮ್ಮೆಯಿಂದ ಎಂದಳು!

ಓಡಿ ಬಂದು ಸರ್‌ಗೆ ಹೇಳಿದೆ, ಹದಿನಾಲ್ಕು ನಮ್ಮ ಗಿಣಿ ಎಂದು. ಅವರು ಕನ್ನಡಕ ಒರೆಸಿಕೊಂಡರು. "ಅದನ್ನ ಆಗ್ಲೇ ಲೆಕ್ಕದಿಂದ ತೆಗೆದುಹಾಕಿದ್ವಲ್ಲಮ್ಮ" ಎಂದರು.

ಮಗಳೇ, ತಲೆ ಎತ್ತು. ನಿನ್ನಮ್ಮ ಕೊಳವೆಯನ್ನು ಚೊಕ್ಕಟವಾಗಿಯೇ ತೊಳೆದಿದ್ದಳು. ಇಷ್ಟು ಜನರ ಮುಂದೆ ಇದನ್ನು ಹೇಳಲೆಂದೇ ನಾನು ಮೈಕು ಹಿಡಿದದ್ದು.

ಈಗ ಎಲ್ಲರೂ ಎದ್ದು ನಿಲ್ಲಿ, ಒಂದು ನಿಮಿಷ ಮೌನವಾಗಿರೋಣ. ಇಡೀ ವರ್ಷ ಸುಮ್ಮನಿದ್ದವರಿಗೆ ಇದೇನು ಕಷ್ಟವಲ್ಲ. ಅವಳನ್ನು ಗದರಿದ ನಾನೂ ನಿಲ್ಲುತ್ತೇನೆ. — ಸರ್, ನೀವೂ. ಏಳಿ.