ನೈಲಾನ್ ಸುರುಳಿಗೆ ಸಿಕ್ಕ ಮಾಲಿಂಗನ ಕೈ

ನನ್ನ ಹೆಸರು ಸಾತಪ್ಪ ತಂದೆ ದುರ್ಗಪ್ಪ ಕಾಂಬಳೆ, ವಯಸ್ಸು 52, ಉದ್ಯೋಗ ಲೇಥ್ ಮಿಸ್ತ್ರಿ, ಸಾಕಿನ್ ಕಣಗಲಾ, ತಾಲೂಕು ಹುಕ್ಕೇರಿ. ಪೊಲೀಸರು ವಿಚಾರಿಸಲಾಗಿ ಈ ಮೂಲಕ ತಿಳಿಸುವುದೇನೆಂದರೆ, ಹತ್ತರಗಿ ಹೆದ್ದಾರಿ ಪಕ್ಕದಲ್ಲಿರುವ ಶುಭಮ್ ಎಂಬವರ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷಗಳಿಂದ ಮಷಿನ್ ಸೆಟ್ ಮಾಡುವವನು ನಾನು. ನಾನು ಸೆಟ್ ಮಾಡಿಕೊಟ್ಟ ಲೇಥನ್ನು ಮಾಲಿಂಗ, ವಯಸ್ಸು 44, ಓಡಿಸುತ್ತಾನೆ.

ದಿನಾಂಕ 12-03-2025ರಂದು ಬೆಳಿಗ್ಗೆ 10-20ಕ್ಕೆ, ಲೇಥಿನಲ್ಲಿ ಕೆತ್ತುವ ನೈಲಾನ್ ಬುಶ್ ಎಂಬ ಕೊಳವೆ ತುಂಡುಗಳಿಗೆ ಹೊಳಪು ಬಂದಿಲ್ಲವೆಂದು ಮಾಲೀಕರು ಸಿಟ್ಟಾದರು. ಆಗ ಲೇಥ್ ನಿಮಿಷಕ್ಕೆ 450 ಸುತ್ತು ತಿರುಗುತ್ತಿತ್ತು, ಪ್ರತಿ ಸುತ್ತಿಗೂ 0.3 ಮಿ.ಮೀ.ನಂತೆ ಕೆತ್ತುವ ಟೂಲ್ ಮುಂದೆ ಸರಿಯುತ್ತಿತ್ತು. ಸುತ್ತನ್ನು 1200ಕ್ಕೆ ಏರಿಸಿ, ಟೂಲ್ ಸರಿಯುವುದನ್ನು 0.05ಕ್ಕೆ ಇಳಿಸಲು ಹೇಳಿದರು. ಹಾಗೆ ಮಾಡಿದರೆ ಟೂಲ್ ಕೆತ್ತಿದ ತೆಳು ಸುರುಳಿ ತುಂಡಾಗದೆ ಉದ್ದಕ್ಕೆ ಬಂದು ಬುಶ್‌ಗೇ ಸುತ್ತಿಕೊಳ್ಳುತ್ತದೆ ಎಂದೆ. ಅದಕ್ಕೆ ಅವರು, “ಪ್ಲಾಸ್ಟಿಕ್ ಐತಿ ಕಾಕಾ, ಕಬ್ಬಿಣ ಅಲ್ಲ. ಏನ್ ಹೆದರ್ತೀರಿ?” ಎಂದು ನಕ್ಕರು. ನಾನು ಸುತ್ತನ್ನು 1200ಕ್ಕೆ, ಟೂಲನ್ನು 0.05ಕ್ಕೆ ಇಟ್ಟೆ.

ಕಬ್ಬಿಣದ ಸುರುಳಿ ಕೈ ಕೊಯ್ಯುತ್ತದೆ, ಆದ್ದರಿಂದ ಕೊಕ್ಕೆಯಿಂದ ಎಳೆಯುತ್ತೇವೆ. ನೈಲಾನ್ ಸುರುಳಿ ಶಾವಿಗೆಯಂತೆ ಮೆತ್ತಗೆ ಬರುತ್ತದೆ, ಅದನ್ನು ಬರಿಗೈಯಲ್ಲಿ ತೆಗೆಯುವುದೇ ನಮ್ಮಲ್ಲಿ ರೂಢಿ. ಮಾಲಿಂಗನಿಗೆ ಹಾಗೆ ಕಲಿಸಿದವನು ನಾನೇ.

11-05ಕ್ಕೆ ಸುರುಳಿ ಗಂಟಾಗಿ ಸುತ್ತಿಕೊಂಡಿತು. ಮಾಲಿಂಗ ಅದನ್ನು ಹಿಡಿದು ಎಳೆದ. ಅದು ಅವನ ಮಣಿಕಟ್ಟಿಗೆ ಸುತ್ತಿ ಕೈಯನ್ನು ಒಳಗೆಳೆಯಿತು. ಆರು ಅಡಿ ದೂರದಲ್ಲಿದ್ದ ನಾನು ಓಡಿಹೋಗಿ ಮಷಿನ್ ನಿಲ್ಲಿಸುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು. ಅವನು ಚೀರಲಿಲ್ಲ. “ಸಾತಪ್ಪಣ್ಣಾ, ಕೈಬಟ್ಟ ಎಲ್ಲಿ ಬಿದ್ದಾವ ನೋಡ್ರಿ” ಎಂದ.

ಮಾಲೀಕರ ಕಾರು ಇಪ್ಪತ್ತು ಅಡಿ ದೂರದಲ್ಲಿ ನಿಂತಿತ್ತು. ಸೀಟು ಹೊಲಸಾಗುತ್ತದೆ, ಆಟೋ ಕರೆಯಿರಿ ಎಂದರು. ಆಟೋ ಬರಲು 25 ನಿಮಿಷವಾಯಿತು. ಅದರಲ್ಲೇ ಅವನನ್ನು ಗೋಕಾಕದ ಆಸ್ಪತ್ರೆಗೆ ಒಯ್ದೆ.

ಮಧ್ಯಾಹ್ನ 3-40ಕ್ಕೆ ನಾನು ಮರಳಿ ಬಂದಾಗ ಲೇಥ್ ಒರೆಸಿ ಇಟ್ಟಿದ್ದರು, ಸುತ್ತು ಮತ್ತೆ 450ಕ್ಕೆ ಬಂದಿತ್ತು. ಪಕ್ಕದಲ್ಲಿ ಒಂದು ಹರಿದ ಹ್ಯಾಂಡ್ ಗ್ಲೌಸ್ ಬಿದ್ದಿತ್ತು. ತಿರುಗುವ ಲೇಥಿಗೆ ಗ್ಲೌಸ್ ಸಿಕ್ಕರೆ ಕೈಯನ್ನೇ ಎಳೆಯುತ್ತದೆ, ಆದ್ದರಿಂದ ಅದನ್ನು ಹಾಕಿಕೊಂಡು ಲೇಥ್ ಓಡಿಸಬಾರದೆಂದು ನಿಯಮವಿದೆ. ಮಾಲಿಂಗ ಅದನ್ನು ಹಾಕಿಕೊಂಡೇ ಕೈ ಹಾಕಿದ, ತಪ್ಪು ಅವನದೇ ಎಂದು ಪೊಲೀಸರಿಗೆ ಹೇಳಲು ಮಾಲೀಕರು ನನಗೆ ತಿಳಿಸಿದರು. “ಹಂಗ ಹೇಳಿದ್ರ ನಿಮ್ಮ ಹೆಸರೂ ಬರೂದಿಲ್ರಿ, ಕಾಕಾ” ಎಂದರು.

ಮಾಲಿಂಗ ಗ್ಲೌಸ್ ಹಾಕಿರಲಿಲ್ಲ. ಬೆರಳು ಕಳೆದುಕೊಂಡವನ ತಲೆಗೇ ತಪ್ಪು ಕಟ್ಟಿದರೆ ನನಗೆ ಅನ್ನ ಇಳಿಯುವುದಿಲ್ಲ. 1200 ಮಾಡಲು ಹೇಳಿದವರು ಮಾಲೀಕರು, ಆಗುವುದು ಗೊತ್ತಿದ್ದೂ ಮಾಡಿದವನು ನಾನು. ಆರೋಪಿಗಳಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದುಕೊಳ್ಳಬೇಕು. ಇನ್ನೊಮ್ಮೆ ವಿಚಾರ ಮಾಡಲು ಪೊಲೀಸ್ ಸಾಹೇಬರು ಎರಡು ಸಲ ಹೇಳಿದರು. ವಿಚಾರ ಮಾಡಿಯೇ ಬಂದಿದ್ದೇನೆ.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಹುಕ್ಕೇರಿ
ದಿನಾಂಕ: 13-03-2025
ಸಹಿ: ಸಾತಪ್ಪ ದು. ಕಾಂಬಳೆ